ಏರ್ ಫ್ರೈಯರ್: ಮಿರ್ಚಿಗೆ ಅಂತ ತಂದದ್ದು, ಶೇಂಗಾಕ್ಕೆ ಉಳಿದದ್ದು

ನಮ್ಮನೆಗೆ ಏರ್ ಫ್ರೈಯರ್ ಬಂದು ಎರಡು ವರ್ಷದ ಮೇಲಾಯ್ತು. ದಸರಾ ಸೇಲಿನಲ್ಲಿ ಐದೂವರೆ ಸಾವಿರಕ್ಕೆ ತಗೊಂಡಿದ್ದು. ಎಷ್ಟು ಬಟನ್, ಎಷ್ಟು ಮೋಡ್ ಅನ್ನೋದೆಲ್ಲ ಡಬ್ಬಿ ಮೇಲೇ ಇರುತ್ತೆ, ಅದನ್ನ ಬಿಡ್ತೀನಿ. ದಾವಣಗೆರೆಯವರು ಮೊದಲು ಕೇಳೋದು ಒಂದೇ: ಇದ್ರಲ್ಲಿ ಮಿರ್ಚಿ ಆಗುತ್ತಾ?

ಆಗಲ್ಲ. ಬಾಣಲೆಯಲ್ಲಿ ಎಣ್ಣೆ 170–180 ಡಿಗ್ರಿ ಕಾದಿರುತ್ತೆ, ಕಡ್ಲೆ ಹಿಟ್ಟು ಅದಕ್ಕೆ ಬಿದ್ದ ಕೂಡಲೇ ಸುತ್ತ ಬಿಗಿದು ಪದರ ಕಟ್ಟುತ್ತೆ. ಇಲ್ಲಿರೋದು ಮೇಲೊಂದು ಕಾಯಿಲ್, ಬಿಸಿ ಗಾಳಿ ಸುತ್ತಿಸೋಕೆ ಒಂದು ಫ್ಯಾನ್. ಗಾಳಿ ಅಷ್ಟೇ ಬಿಸಿ ಇದ್ರೂ ಎಣ್ಣೆಯಷ್ಟು ಬೇಗ ಶಾಖ ಕೊಡಲ್ಲ. ಪದರ ಕಟ್ಟೋದ್ರೊಳಗೆ ಹಿಟ್ಟು ಜಾಲರಿ ತೂತಿನಿಂದ ಕೆಳಗಿಳಿದು, ಮೇಲೆ ಬರೀ ಮೆಣಸಿನಕಾಯಿ ಉಳಿಯುತ್ತೆ. ಬಟರ್ ಪೇಪರ್ ಹಾಸಿ ಮಾಡಿದ್ದನ್ನ ಅತ್ತೆ ತಿಂದು ನೋಡಿ, "ಇದು ಮಿರ್ಚಿ ಅಲ್ಲವ್ವ, ಕಡ್ಲೆ ಹಿಟ್ಟಿನ ರೊಟ್ಟಿ ಆಗೇತಿ" ಅಂದ್ರು. ಬೋಂಡ, ಆಲೂಗಡ್ಡೆ ಬಜ್ಜಿ, ಹಿಟ್ಟಲ್ಲಿ ಅದ್ದಿ ಕರಿಯೋ ಯಾವುದಕ್ಕೂ ಇದೇ ಗತಿ. ಮಾವನಿಗೆ ಕರಿದದ್ದು ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಕ್ಕೇ ನಾವು ಇಷ್ಟು ದುಡ್ಡು ಹಾಕಿದ್ದು. ಎಣ್ಣೆ ಇಲ್ಲದೆ ಏನು ಬೇಕಾದ್ರೂ ಕರೀಬಹುದು ಅಂತ ಜಾಹೀರಾತು ಹಾಕೋರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಂಗಡಿಯಿಂದ ಕಟ್ಟಿಸ್ಕೊಂಡು ಬಂದ ಮಿರ್ಚಿಗೆ ಮಾತ್ರ ಇದು ಚೆನ್ನಾಗಿ ಬರುತ್ತೆ. ಮನೆ ಮುಟ್ಟೋದ್ರೊಳಗೆ ಪೇಪರಿನಲ್ಲಿ ಬೆವತು ಮೆತ್ತಗಾಗಿರುತ್ತಲ್ಲ, ಅದನ್ನ 180ರಲ್ಲಿ ನಾಲ್ಕು ನಿಮಿಷ ಇಟ್ರೆ ಮತ್ತೆ ಗರಿಗರಿ. ಜಾಲರಿ ಎತ್ತಿದ್ರೆ ಕೆಳಗೆ ಎಣ್ಣೆ ಇಳಿದು ನಿಂತಿರುತ್ತೆ. ಮಾವ ಅದನ್ನ ನೋಡಿದ ಮೇಲೆ ಎರಡು ತಿನ್ನೋ ಕಡೆ ಒಂದಕ್ಕೆ ಬಂದಿದಾರೆ.

ಈ ಮಿಷನ್ನನ್ನ ನಾನು ಮಾರದೆ ಇಟ್ಕೊಂಡಿರೋದು ಶೇಂಗಾಕ್ಕೆ. ನನ್ನ ತವರು ಚಳ್ಳಕೆರೆ ಕಡೆ. ಎಣ್ಣೆ ಗಿರಣಿಗಳ ಊರು, ಸುತ್ತೆಲ್ಲ ಶೇಂಗಾ ಹೊಲ. ಸುಗ್ಗಿ ಮುಗಿದ ಮೇಲೆ ಅಣ್ಣ ಒಂದು ಚೀಲ ಕಾಯಿ ಕಳಿಸ್ತಾನೆ, ಅದು ವರ್ಷಪೂರ್ತಿ ಚಟ್ನಿ ಪುಡಿಗೆ. ಮೊದಲು ಕಬ್ಬಿಣದ ಬಾಣಲೆಯಲ್ಲಿ, ಸಣ್ಣ ಉರೀಲಿ, ಅರ್ಧ ಗಂಟೆ ನಿಂತು ಕೈಯಾಡಿಸಬೇಕಿತ್ತು. ಫೋನ್ ಬಂತು ಅಂತ ಆಚೆ ಹೋದ್ರೆ ಮುಗೀತು, ಹೊರಗೆ ಕಪ್ಪು ಚುಕ್ಕೆ, ಒಳಗೆ ಹಸಿ. ಈಗ ಎರಡು ಬೊಗಸೆ ಕಾಳು ಜಾಲರಿ ಮೇಲೆ ಹರಡಿ 160ಕ್ಕೆ ಇಡ್ತೀನಿ. ಆರು ನಿಮಿಷಕ್ಕೆ ಬುಟ್ಟಿ ಎಳೆದು ಒಮ್ಮೆ ಕುಲುಕ್ತೀನಿ. ಹತ್ತು ದಾಟಿದ ಮೇಲೆ ಒಳಗೆ ಚಿಟಪಟ ಶುರುವಾಗುತ್ತೆ, ಅಡುಗೆಮನೆ ತುಂಬ ಹುರಿದ ವಾಸನೆ ಏಳುತ್ತೆ. ಆಗ ಒಂದು ಕಾಳು ತೆಗೆದು ಎರಡು ಹೋಳು ಮಾಡಿ ನೋಡಬೇಕು. ಒಳಗೆ ತೆಳು ಕಂದು ಬಂದಿದ್ರೆ ತಕ್ಷಣ ತೆಗೆದು ತಟ್ಟೆಗೆ ಸುರೀಬೇಕು, ಯಾಕಂದ್ರೆ ತನ್ನ ಬಿಸಿಗೇ ಅದು ಇನ್ನೂ ಸ್ವಲ್ಪ ಹುರಿದುಕೊಳ್ಳುತ್ತೆ. ಆರಿದ ಮೇಲೆ ಅತ್ತೆ ಅಂಗೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿದ್ರೆ ಸಿಪ್ಪೆ ಒಂದೂ ಉಳಿಯಲ್ಲ. ಒಣ ಮೆಣಸಿನಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿದ ಆ ಪುಡಿಗೆ ಒಂದೇ ಬಣ್ಣ, ಕಹಿ ಅನ್ನೋದೇ ಇಲ್ಲ. ಬಾಣಲೆಯಲ್ಲಿ ಇಷ್ಟು ಸಮನಾಗಿ ನನಗೆ ಯಾವತ್ತೂ ಬಂದಿರಲಿಲ್ಲ.

ಸಿಪ್ಪೆ ಸಡಿಲಾಗಿ ಉದುರ್ತಿರೋ ಕಾಳು ಮಾತ್ರ ಹಾಕಬೇಡಿ. ಫ್ಯಾನ್ ಗಾಳಿಗೆ ಸಿಪ್ಪೆ ಹಾರಿ ಕಾಯಿಲಿಗೆ ಅಂಟಿ ಸುಟ್ಟ ವಾಸನೆ ಬರುತ್ತೆ. ಕರಿಬೇವು, ಹಪ್ಪಳ, ಹಗುರಾದ್ದೆಲ್ಲ ಹಾರುತ್ತೆ. ಮಳೆಗಾಲದಲ್ಲಿ ಮೆತ್ತಗಾದ ಮಂಡಕ್ಕಿಯನ್ನ 120ರಲ್ಲಿ ಮೂರು ನಿಮಿಷ ಬಿಸಿ ಮಾಡಿದ್ರೆ ಭಟ್ಟಿಯಿಂದ ಈಗ ತಂದ ಹಾಗಾಗುತ್ತೆ, ಆದ್ರೆ ಮೇಲೊಂದು ಸ್ಟೀಲ್ ಜಾಲರಿ ಮುಚ್ಚಲೇಬೇಕು.

ಬೆಂಡೆಕಾಯಿಗೆ ಒಂದು ಚಮಚ ಎಣ್ಣೆ ಸಾಕು, ಲೋಳೆ ಇರಲ್ಲ. ಬದನೆಕಾಯಿ ಮೆತ್ತಗೆ ಬೇಯುತ್ತೆ, ಕೆಂಡದಲ್ಲಿ ಸುಟ್ಟ ಹೊಗೆ ವಾಸನೆ ಬರಲ್ಲ. ನಾವು ಆರು ಜನ. ನಾಲ್ಕು ಲೀಟರ್ ಅಂತ ಬರೆದಿದ್ರೂ ಒಂದೇ ಪದರ ಹರಡಬೇಕಾದ್ದರಿಂದ ಆಲೂಗಡ್ಡೆ ಇಬ್ಬರಿಗೆ ಆಗುತ್ತೆ. ಮಕ್ಕಳು ತಟ್ಟೆ ಹಿಡ್ಕೊಂಡು ಸರದಿ ಕಾಯ್ತಾರೆ.

ಕರೆಂಟಿನ ಭಯ ಬೇಡ. ನಮ್ಮದು 1400 ವ್ಯಾಟ್, ಹದಿನೈದು ನಿಮಿಷಕ್ಕೆ ಹೆಚ್ಚೆಂದ್ರೆ 0.35 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ ಅಂತ ಹೇಳಿದ್ರೂ ನಮಗೆ ಸಿಗೋದು ನಮ್ಮ ಹಳೇ ಸರಾಸರಿ ಬಳಕೆ, ಅದರ ಮೇಲೆ ಶೇ 10 ಹೆಚ್ಚು, ಅಷ್ಟೇ, ಹಾಗಾಗಿ ಮೊದಲ ತಿಂಗಳು ಬಿಲ್ ಮೇಲೆ ಕಣ್ಣಿಟ್ಟಿದ್ದೆ. ಮಿತಿ ದಾಟಲಿಲ್ಲ.

ಬೇಜಾರು ಇರೋದು ಬುಟ್ಟಿಯ ಬಗ್ಗೆ. ಮೆತ್ತನೆ ಸ್ಪಂಜಿನಲ್ಲೇ ತೊಳೆದ್ರೂ ಎರಡನೇ ವರ್ಷಕ್ಕೆ ಜಾಲರಿ ಮೂಲೆಯಲ್ಲಿ ನಾನ್‌ಸ್ಟಿಕ್ ಪದರ ಏಳೋಕೆ ಶುರುವಾಯ್ತು. ಕೋಟಿಂಗ್ ವಾರಂಟಿಗೆ ಬರಲ್ಲ ಅಂದ್ರು ಸರ್ವಿಸ್‌ನವರು. ಹೊಸ ಬುಟ್ಟಿಗೆ ಎರಡು ಸಾವಿರದ ಮೇಲೆ. ಮಿಷನ್ನಿನ ಬೆಲೆಗೆ ಹೋಲಿಸಿದ್ರೆ ಇದು ಅನ್ಯಾಯ. ಆದ್ರೂ ಆರ್ಡರ್ ಮಾಡಿದೀನಿ, ತವರಿಂದ ಬಂದ ಈ ವರ್ಷದ ಚೀಲ ಇನ್ನೂ ಅರ್ಧ ಇದೆ. ನೀವು ತಗೊಳ್ಳೋದಾದ್ರೆ ಬುಟ್ಟಿ ಬೇರೆ ಸಿಗುತ್ತಾ, ಎಷ್ಟಾಗುತ್ತೆ ಅಂತ ಮೊದಲೇ ಕೇಳಿ. ಸ್ಟೀಲ್ ಬುಟ್ಟಿಯದ್ದು ನಿಮ್ಮ ಬಜೆಟ್ಟಿಗೆ ಬಂದ್ರೆ ಅದನ್ನೇ ತಗೊಳ್ಳಿ.