ಕಲಬುರಗಿಯಿಂದ ಡಾಲ್ಫಿನ್ ಟೂರ್ ಬುಕ್ ಮಾಡೋರು ಇದನ್ನೊಮ್ಮೆ ಓದಿ

ರಜೆ ಹತ್ತಿರ ಬಂತು ಅಂದರೆ ಕಲಬುರಗಿಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತದೆ. ಕಾರವಾರ ಟೂರ್, ಎಂಟೇ ಜನರ ಬೋಟು, ಡಾಲ್ಫಿನ್ ಗ್ಯಾರಂಟಿ. ಅಣ್ಣನ ಮನೆಯವರೂ ನಾವೂ ಸೇರಿ ಇಂಥದ್ದೇ ಒಂದಕ್ಕೆ ಹೋಗಿ ಬಂದೆವು. ಏಜೆಂಟನ ಹೆಸರು ಬರೆಯುವುದಿಲ್ಲ. ಈ ದಂಧೆ ನಡೆಯೋ ರೀತಿ ಗೊತ್ತಾದರೆ ಸಾಕು.

ಇಲ್ಲಿ ದುಡ್ಡು ತಗೊಳ್ಳೋನ ಹತ್ತಿರ ಬೋಟೇ ಇರಲ್ಲ. ಅವನು ಅಲ್ಲಿ ಒಬ್ಬನಿಗೆ ಫೋನ್ ಮಾಡುತ್ತಾನೆ, ಅವನು ಇನ್ನೊಬ್ಬನಿಗೆ. ಹಣ ಮಾತ್ರ ಪೂರ್ತಿ ಮುಂಗಡ. "ಚಿಂತಿ ಮಾಡಬ್ಯಾಡ್ರಿ ಅಣ್ಣಾರ, ನಮ್ಮ ಹುಡುಗ ಅಲ್ಲೇ ನಿಂತಿರ್ತಾನ" ಅಂದಿದ್ದ. ರಾತ್ರಿಯಿಡೀ ಪ್ರಯಾಣ ಮಾಡಿ, ಅರಬೈಲ್ ಘಟ್ಟ ಇಳಿದು ಕಾರವಾರ ಮುಟ್ಟಿದರೆ ಯಾವ ಹುಡುಗನೂ ಇಲ್ಲ. ಬೋಟು ಸಿಕ್ಕಿದ್ದು ಮಧ್ಯಾಹ್ನ. ಸಮುದ್ರ ಶಾಂತವಾಗಿರೋದು ಬೆಳಗ್ಗೆ ಅಲ್ವಾ? ಬಿಸಿಲೇರಿದ ಮೇಲೆ ಗಾಳಿ ಎದ್ದು ಅಲೆ ಜಾಸ್ತಿಯಾಗುತ್ತದೆ.

ಎಂಟು ಜನರ ಬೋಟಿಗೆ ಇನ್ನೂ ಎರಡು ಗುಂಪು ಹತ್ತಿಸಿದರು. ಅಣ್ಣ ಜಗಳಕ್ಕೆ ನಿಂತ. "ನಿಮ್ಮ ಏಜೆಂಟರ ಹತ್ರ ಕೇಳಿ" ಅನ್ನೋದೊಂದೇ ಉತ್ತರ.

ಮಗಳಿಗೆ ಕೊಟ್ಟಿದ್ದು ದೊಡ್ಡವರ ಲೈಫ್ ಜಾಕೆಟ್. ಬಕಲ್ ಮುರಿದಿತ್ತು, ಅದರ ಜಾಗದಲ್ಲಿ ಬಲೆಯ ನೈಲಾನ್ ದಾರ ಕಟ್ಟಿದ್ದರು. ಭುಜದ ಹತ್ತಿರ ಹಿಡಿದು ಎತ್ತಿ ನೋಡಿದೆ. ಜಾಕೆಟ್ ಸೀದಾ ಕಿವಿ ದಾಟಿ ಮೇಲೆ ಬಂತು. ನೀರಿಗೆ ಬಿದ್ದರೂ ಆಗೋದು ಅದೇ, ಜಾಕೆಟ್ ತೇಲುತ್ತದೆ, ಮಗು ತೇಲಲ್ಲ. 2019ರ ಜನವರಿಯಲ್ಲಿ ಇದೇ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ಸತ್ತಿದ್ದು ನೆನಪಿರಬಹುದು. ಮಕ್ಕಳನ್ನೂ ಅತ್ತಿಗೆಯನ್ನೂ ದಡದಲ್ಲೇ ಬಿಟ್ಟೆವು.

ಡಾಲ್ಫಿನ್ ಕಂಡವು. ಬೇಜಾರಾಗಿದ್ದು ಅಲ್ಲೇ. ಈ ಕಡೆ ದಡಕ್ಕೆ ಹತ್ತಿರ ಇರೋದು ಗೂನು ಬೆನ್ನಿನ ಡಾಲ್ಫಿನ್. ಕಾಳಿ ನದಿಯ ಅಳಿವೆಯಂಥ ಕಡೆ, ಆಳ ಇಲ್ಲದ ನೀರಲ್ಲಿ ಮೀನು ಹಿಡಿಯುತ್ತದೆ. ಬೋಟಿನ ಜೊತೆ ಆಟ ಆಡೋಕೆ ಬರೋ ಜಾತಿ ಅಲ್ಲ. ಉಸಿರಿಗೆ ಮೇಲೆ ಬಂದು, ಬೆನ್ನು ತೋರಿಸಿ, ಮುಳುಗುತ್ತದೆ, ಅಷ್ಟೇ. ನಮಗೆ ಕಂಡಿದ್ದು ಒಂದು ದೊಡ್ಡದು, ಅದರ ಪಕ್ಕಕ್ಕೇ ಅಂಟಿಕೊಂಡ ಮರಿ. ತಾಂಡೇಲ, ಅಂದರೆ ಬೋಟು ನಡೆಸೋನು, ಎಂಜಿನ್ ಜೋರು ಮಾಡಿ ನೇರ ಅವುಗಳ ಮೇಲೇ ಓಡಿಸಿದ. ಎದುರಿನಿಂದ ಇನ್ನೆರಡು ಬೋಟು ನುಗ್ಗಿದವು. ಮರಿ ತಲೆ ಎತ್ತಿದ್ದಷ್ಟೇ, ಎರಡೂ ಮುಳುಗಿದವು. ಬೋಟಿನ ತುಂಬಾ ಶಿಳ್ಳೆ, ಹೊಗೆ. ಎಂಜಿನ್ ಆಫ್ ಮಾಡಿ ಅಂದರೆ, "ಆಫ್ ಮಾಡಿದ್ರೆ ನಿಮ್ಗೆ ಫೋಟೋ ಹೇಗೆ ಸಿಗ್ತದೆ?" ಅಂದ. ಗ್ಯಾರಂಟಿ ಅಂದರೆ ಇದೇ, ಅಟ್ಟಿಸಿಕೊಂಡು ಹೋಗಿ ತೋರಿಸೋದು. 1972ರ ವನ್ಯಜೀವಿ ಕಾಯ್ದೆಯಲ್ಲಿ ಡಾಲ್ಫಿನ್ ಇರೋದು ಹುಲಿ ಇರೋ ಪಟ್ಟಿಯಲ್ಲೇ, ಅಂದರೆ ಮೊದಲನೇ ಪಟ್ಟಿಯಲ್ಲಿ. ಅದನ್ನು ಬೆನ್ನಟ್ಟೋದು ತಮಾಷೆ ಅಲ್ಲ.

ವಾಪಸ್ ಬಂದು ಹಣ ಕೇಳಿದರೆ ಏಜೆಂಟ್ ಹೇಳಿದ್ದು: "ಡಾಲ್ಫಿನ್ ಕಂಡವಲ್ರಿ, ಮತ್ತೇನ್ ಬೇಕ್ರಿ?"

ಹೋಗಲೇಬೇಕು ಅಂತಿದ್ದರೆ ಬೋಟಿನ ನೋಂದಣಿ ಸಂಖ್ಯೆ, ಎಷ್ಟು ಜನರಿಗೆ ಪರವಾನಗಿ, ಹೊರಡೋ ಸಮಯ, ಮಕ್ಕಳ ಅಳತೆಯ ಜಾಕೆಟ್ ಇದೆಯಾ, ಎಲ್ಲವನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ಬೇಡ. ಅರ್ಧ ಹಣ ಬೋಟು ನೋಡಿದ ಮೇಲೆ ಕೊಡಿ. ಜಾಕೆಟನ್ನು ಅಲ್ಲೇ ತೊಡಿಸಿ, ಭುಜ ಹಿಡಿದು ಎಳೆದು ನೋಡಿ.

ಮೋಸ ಹೋದರೆ ಸುಮ್ನೆ ಕೂರಬೇಡಿ. ಗ್ರಾಹಕ ಸಹಾಯವಾಣಿ 1915. ದೂರು ಕೊಡೋಕೆ ಕಾರವಾರಕ್ಕೆ ಅಲೆಯಬೇಕಿಲ್ಲ. 2019ರ ಗ್ರಾಹಕ ಕಾಯ್ದೆ ಪ್ರಕಾರ ನಾವಿರೋ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಚಾಟ್, ಫೋನ್‌ಪೇ ರಸೀದಿ, ಮುರಿದ ಬಕಲಿನ ಫೋಟೋ ಇಟ್ಟುಕೊಂಡು ನಾವೂ ಕಲಬುರಗಿಯಲ್ಲೇ ದೂರು ಕೊಟ್ಟಿದ್ದೇವೆ.