4ಜಿ ಮತ್ತು ಎರಡು ಬಗೆಯ 5ಜಿ: ಬಳಸಿ ನೋಡಿದ ಹೋಲಿಕೆ

ಭಾರತದಲ್ಲಿ 5ಜಿ ಸೇವೆಗೆ 2022ರ ಅಕ್ಟೋಬರ್ 1ರಂದು ಚಾಲನೆ ದೊರೆಯಿತು. ಮೊದಲ ಹಂತದ ನಗರಗಳಲ್ಲಿ ಬೆಂಗಳೂರೂ ಇತ್ತು. ಒಂದೇ ಹೆಸರಿನಲ್ಲಿ ಮಾರಾಟವಾಗುವ ಈ ಸೇವೆಯಲ್ಲಿ ಎರಡು ಬಗೆಗಳಿವೆ ಎಂಬುದನ್ನು ಸಿಮ್ ಕೊಡುವ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಹಳೆಯ 4ಜಿ ಜಾಲವನ್ನೇ ಆಧಾರವಾಗಿಟ್ಟುಕೊಂಡು ಅದರ ಮೇಲೆ 5ಜಿ ತರಂಗಗಳನ್ನು ಸೇರಿಸುವ ನಾನ್-ಸ್ಟ್ಯಾಂಡಲೋನ್ ಒಂದು. ಟವರಿನಿಂದ ಕೋರ್ ಜಾಲದವರೆಗೆ (ಕರೆ, ಡೇಟಾಗಳನ್ನು ನಿಯಂತ್ರಿಸುವ ಕೇಂದ್ರ ವ್ಯವಸ್ಥೆಯವರೆಗೆ) ಎಲ್ಲವೂ ತನ್ನದೇ ಆಗಿರುವ ಸ್ಟ್ಯಾಂಡಲೋನ್ ಇನ್ನೊಂದು. ಒಂದೇ ಫೋನಿನಲ್ಲಿ ಎರಡೂ ಬಗೆಯ ಸಿಮ್‌ಗಳನ್ನು ಹಾಕಿಕೊಂಡು, ಆಗಾಗ 5ಜಿಯನ್ನು ಬಂದ್ ಮಾಡಿ 4ಜಿಯೊಂದಿಗೂ ಹೋಲಿಸಿ ನೋಡಿದ್ದೇನೆ.

ಮೊದಲು ವೇಗದ ಮಾತು. ಬಯಲಿನಲ್ಲಿ, ಟವರ್ ಹತ್ತಿರವಿರುವಾಗ, ಎರಡೂ 5ಜಿಗಳು 300 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ದಾಟುವುದು ಕಷ್ಟವಲ್ಲ. 4ಜಿ ಅದೇ ಜಾಗದಲ್ಲಿ 20ರಿಂದ 40ರ ನಡುವೆ ಓಡಾಡುತ್ತದೆ. ಆದರೆ ಫೋನಿನ ಪರದೆಯ ಮೇಲೆ ಸ್ಪಷ್ಟವಾದ ವಿಡಿಯೊ ನೋಡಲು ಸುಮಾರು 5 ಎಂಬಿಪಿಎಸ್ ಸಾಕಾಗುವುದರಿಂದ, ದೊಡ್ಡ ಫೈಲುಗಳನ್ನು ಇಳಿಸಿಕೊಳ್ಳುವ ಹೊತ್ತನ್ನು ಬಿಟ್ಟರೆ ಈ ಅಂತರ ದಿನನಿತ್ಯದ ಬಳಕೆಯಲ್ಲಿ ಅನುಭವಕ್ಕೇ ಬರುವುದಿಲ್ಲ.

ಅನುಭವಕ್ಕೆ ಬರುವುದು ಜನಸಂದಣಿಯಲ್ಲಿ. ಸಂಜೆ ಆರರ ಸುಮಾರಿಗೆ ಮೆಜೆಸ್ಟಿಕ್‌ನ ಬಸ್ ನಿಲ್ದಾಣದಲ್ಲಿ ನಿಂತು ಯುಪಿಐ ಹಣ ಪಾವತಿಗೆ ಪ್ರಯತ್ನಿಸಿದವರಿಗೆ, ಪೂರ್ತಿ ಸಿಗ್ನಲ್ ತೋರಿಸುತ್ತಲೇ ತಿರುಗುತ್ತಾ ಕೂರುವ 4ಜಿಯ ಪರಿಚಯವಿರುತ್ತದೆ. ಅಲ್ಲಿ 5ಜಿಗೆ ಬದಲಿಸಿದೊಡನೆ ಪಾವತಿ ಮುಗಿಯುತ್ತದೆ. ಇದಕ್ಕೆ ಕಾರಣ ಸರಳ: 5ಜಿಗೆ ಬಳಸುವ 3.3 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ (ಬ್ಯಾಂಡ್) ಕಂಪನಿಗಳ ಬಳಿ ಇರುವ ತರಂಗಾಂತರ 4ಜಿಯದಕ್ಕಿಂತ ಬಹಳ ಅಗಲವಾದದ್ದು, ಅದನ್ನು ಹಂಚಿಕೊಳ್ಳುವ ಫೋನುಗಳು ಇನ್ನೂ ಕಡಿಮೆ. ಎಲ್ಲರ ಕೈಗೂ 5ಜಿ ಫೋನ್ ಬಂದ ಮೇಲೆ ಈ ಅನುಕೂಲ ಇಷ್ಟೇ ಉಳಿಯುತ್ತದೆಂದು ನಾನು ನಂಬುವುದಿಲ್ಲ.

ಕಾಂಕ್ರೀಟ್ ಗೋಡೆಗಳ ಒಳಗೆ ಲೆಕ್ಕ ತಲೆಕೆಳಗಾಗುತ್ತದೆ. 3.3 ಗಿಗಾಹರ್ಟ್ಸ್‌ನ ಅಲೆಗಳು ಗೋಡೆಯಲ್ಲಿ ಬೇಗ ಕುಂದುತ್ತವೆ. ಅದಕ್ಕಿಂತ ಮುಖ್ಯವಾಗಿ, ಟವರಿನ ಮಾತು ಫೋನಿಗೆ ಕೇಳಿಸಿದರೂ ಫೋನಿನ ಕ್ಷೀಣ ದನಿ ಟವರಿಗೆ ತಲುಪುವುದಿಲ್ಲ. ಮನೆಯ ಒಳಕೋಣೆಯಲ್ಲಿ ಕುಳಿತು ವಿಡಿಯೊ ಸಭೆಗೆ ಸೇರಿದಾಗ ನನಗೆ ಎಲ್ಲರೂ ಕಾಣಿಸುತ್ತಿದ್ದರು, ನಾನು ಮಾತ್ರ ಅವರಿಗೆ ತುಂಡುತುಂಡಾಗಿ ಕೇಳಿಸುತ್ತಿದ್ದೆ. ನಾನ್-ಸ್ಟ್ಯಾಂಡಲೋನ್ ಇಲ್ಲಿ ಜಾಣತನ ತೋರುತ್ತದೆ, ಏಕೆಂದರೆ ಅಪ್‌ಲೋಡನ್ನು ಅದು 4ಜಿಯ ಮೂಲಕ ಕಳಿಸಬಲ್ಲದು. ಸ್ಟ್ಯಾಂಡಲೋನ್ ಜಾಲಕ್ಕೆ 700 ಮೆಗಾಹರ್ಟ್ಸ್‌ನಂಥ ಕೆಳಗಿನ ಪಟ್ಟಿಯ ಬೆಂಬಲವಿದ್ದರೆ ಗೋಡೆಯ ಸಮಸ್ಯೆ ನೀಗುತ್ತದೆ, ಆದರೆ ಆ ಪಟ್ಟಿಯಲ್ಲಿ ವೇಗ ತಗ್ಗುತ್ತದೆ.

ಬ್ಯಾಟರಿಯ ವಿಷಯದಲ್ಲಿ ನಾನ್-ಸ್ಟ್ಯಾಂಡಲೋನ್ ಹಿಂದೆ ಬೀಳುತ್ತದೆ: ಡೇಟಾ ಓಡುವಾಗ ಫೋನು ಎರಡು ಜಾಲಗಳನ್ನೂ ಏಕಕಾಲಕ್ಕೆ ಹಿಡಿದುಕೊಂಡಿರಬೇಕಾಗುತ್ತದೆ, ನನ್ನ ಫೋನು ಬಿಸಿಯಾಗುವುದೂ ಅದರಲ್ಲೇ ಹೆಚ್ಚು. ಪರದೆಯ ಮೇಲಿನ 5ಜಿ ಚಿಹ್ನೆಯನ್ನು ನೆಚ್ಚಿಕೊಳ್ಳುವುದೂ ಬೇಡ; ಈ ಬಗೆಯಲ್ಲಿ ಡೇಟಾ ಬರಿಯ 4ಜಿಯಲ್ಲಿ ಹರಿಯುತ್ತಿರುವಾಗಲೂ ಆ ಚಿಹ್ನೆ ಕಾಣಿಸಬಹುದು. ಕರೆಗಳ ಗುಣಮಟ್ಟದಲ್ಲಿ ನನಗೆ ವ್ಯತ್ಯಾಸ ತಿಳಿಯಲಿಲ್ಲ.

ನಮ್ಮ ಬಳಗದಲ್ಲಿ 5ಜಿಗೆ ಹೋದವರಲ್ಲಿ ಹೆಚ್ಚಿನವರನ್ನು ಎಳೆದದ್ದು ತಂತ್ರಜ್ಞಾನವಲ್ಲ, ಮಿತಿಯಿಲ್ಲದ ಡೇಟಾ. 2024ರ ಜುಲೈನಲ್ಲಿ ದರಗಳು ಏರಿದಾಗ ಈ ಸೌಲಭ್ಯವನ್ನು ಸಾಮಾನ್ಯವಾಗಿ ದಿನಕ್ಕೆ 2 ಜಿಬಿ ಅಥವಾ ಹೆಚ್ಚು ಕೊಡುವ ಯೋಜನೆಗಳಿಗೆ ಸೀಮಿತಗೊಳಿಸಲಾಯಿತು. ಅಂದಿನಿಂದ ದಿನಕ್ಕೆ 1 ಜಿಬಿಯೂ ಮುಗಿಯದ ನಮ್ಮ ಚಿಕ್ಕಪ್ಪನಂಥವರಿಗೆ 5ಜಿ ಫೋನ್ ಕೈಯಲ್ಲಿದ್ದೂ ದೊಡ್ಡ ರೀಚಾರ್ಜ್ ಬೇಕಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಂತೂ ಈ ಪೈಪೋಟಿಗೆ ಅರ್ಥವಿಲ್ಲ. ಗುಡ್ಡದ ಮರೆಯ ಮನೆಗಳಿಗೆ ಯಾವ ಟವರ್ ಕಾಣುತ್ತದೋ ಅದೇ ಒಳ್ಳೆಯ ಜಾಲ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಗಿದ್ದು, ಅದರ ರೇಡಿಯೊ ಉಪಕರಣಗಳನ್ನು ಒದಗಿಸಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಅಂಥ ಕಡೆ ಸಿಮ್ ಕೊಳ್ಳುವವರು ನೆರೆಮನೆಯವರ ಫೋನಿನಲ್ಲಿ ಅಂಗಳದಿಂದ ಕರೆ ಮಾಡಿ ನೋಡಿ ಆಯ್ಕೆ ಮಾಡುವುದು ಒಳ್ಳೆಯದು. ನಗರದಲ್ಲಿ ಮನೆಯೊಳಗಿನ ಕೆಲಸವೇ ಹೆಚ್ಚಾಗಿರುವವರಿಗೆ ನಾನು ನಾನ್-ಸ್ಟ್ಯಾಂಡಲೋನ್ ಸಿಮ್ಮನ್ನೂ, ದಿನವಿಡೀ ಹೊರಗೆ ಓಡಾಡುವವರಿಗೆ ಸ್ಟ್ಯಾಂಡಲೋನ್ ಸಿಮ್ಮನ್ನೂ ಸೂಚಿಸುತ್ತೇನೆ.