ಕ್ಯಾಲವೆರಾಸ್ ಬಿಗ್ ಟ್ರೀಸ್: ದೈತ್ಯ ಮರಗಳ ಪಕ್ಕದಲ್ಲಿ ಟೆಂಟ್ ಹಾಕುವವರಿಗೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆ ಕಡೆಯ ಕನ್ನಡದ ಮನೆಗಳಲ್ಲಿ ಬೇಸಿಗೆ ಎಂದರೆ ಊರಿನಿಂದ ಅಪ್ಪ ಅಮ್ಮ ಬಂದಿರುವ ಕಾಲ, ಮಕ್ಕಳಿಗೂ ಶಾಲೆ ಇಲ್ಲದ ಕಾಲ. ಅಜ್ಜ ಅಜ್ಜಿ ಮೊಮ್ಮಕ್ಕಳೆಲ್ಲ ಒಟ್ಟಿಗೆ ಎರಡು ರಾತ್ರಿ ಕಾಡಿನಲ್ಲಿ ಮಲಗಲು ಒಂದು ಜಾಗ ಹೇಳಿ ಎಂದು ಕೇಳಿದವರಿಗೆ ನಮ್ಮ ಉತ್ತರ ಕ್ಯಾಲವೆರಾಸ್ ಬಿಗ್ ಟ್ರೀಸ್ ಸ್ಟೇಟ್ ಪಾರ್ಕ್. ಯೊಸೆಮಿಟಿಗೆ ಇದಕ್ಕಿಂತ ದೊಡ್ಡ ಹೆಸರಿದೆ, ನಿಜ. ಆದರೆ ಟೆಂಟ್‌ನಿಂದ ಎದ್ದು ನಡೆದುಕೊಂಡೇ ಜೈಂಟ್ ಸಿಕೋಯಾ ಮರಗಳ ಬುಡಕ್ಕೆ ಹೋಗಬಹುದು, ಫ್ಲಶ್ ಇರುವ ಶೌಚಾಲಯವಿದೆ, ನಾಣ್ಯ ಹಾಕಿದರೆ ಬಿಸಿನೀರು ಬರುವ ಶವರ್ ಇದೆ, ಏನಾದರೂ ಮರೆತು ಬಂದಿದ್ದರೆ ನಾಲ್ಕು ಮೈಲಿ ಕೆಳಗೆ ಆರ್ನಾಲ್ಡ್ ಎಂಬ ಊರಿದೆ. ಮೊದಲ ಸಲ ಕ್ಯಾಂಪಿಂಗ್ ಮಾಡುವವರಿಗೆ ಇದಕ್ಕಿಂತ ಮೆತ್ತಗಿನ ಆರಂಭ ಸಿಗುವುದು ಕಷ್ಟ. ಇಲ್ಲಿ ಜನ ಎಡವುವುದು ಎರಡೇ ವಿಷಯದಲ್ಲಿ: ರಾತ್ರಿಯ ಚಳಿ ಮತ್ತು ಊಟದ ವಾಸನೆ. ಎರಡಕ್ಕೂ ಮನೆಯಲ್ಲೇ ತಯಾರಿ ಆಗಿರಬೇಕು.

ದಾರಿ ಸುಲಭ. ಹೆದ್ದಾರಿ 580, 205, 120, 99 ಹಿಡಿದು ಹೈವೇ 4ಕ್ಕೆ ಸೇರಿದರೆ ಏಂಜಲ್ಸ್ ಕ್ಯಾಂಪ್, ಮರ್ಫೀಸ್, ಆರ್ನಾಲ್ಡ್ ದಾಟಿ ನೇರ ಗೇಟಿಗೆ. ಸ್ಯಾನ್ ಹೋಸೆಯಿಂದ ಸುಮಾರು ಮೂರು ಗಂಟೆ. ಶುಕ್ರವಾರ ಸಂಜೆ 205ರ ದಟ್ಟಣೆಯಲ್ಲಿ ಸಿಕ್ಕರೆ ನಾಲ್ಕು. ಕತ್ತಲಾದ ಮೇಲೆ ಮೊದಲ ಸಲ ಟೆಂಟ್ ಹಾಕುವ ಪಾಡು ಯಾರಿಗೂ ಬೇಡ, ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಹೊರಡಿ. ಸೈಟ್, ಅಂದರೆ ಟೆಂಟ್ ಹಾಕಲು ನಿಮಗೆ ಕೊಡುವ ಜಾಗ, ಕೈಗೆ ಸಿಗುವುದು ಮಧ್ಯಾಹ್ನ 2ಕ್ಕೆ, ಬಿಡಬೇಕಾದದ್ದು ಮಧ್ಯಾಹ್ನ 12ಕ್ಕೆ.

ಪಾರ್ಕಿನೊಳಗೆ ಎರಡು ಕ್ಯಾಂಪ್‌ಗ್ರೌಂಡ್‌ಗಳಿವೆ. ಯಾವುದು ನಿಮಗೆ ಎನ್ನುವುದೇ ಮುಖ್ಯ ಪ್ರಶ್ನೆ. ನಾರ್ತ್ ಗ್ರೋವ್ ಗೇಟಿನ ಪಕ್ಕದಲ್ಲೇ ಇದೆ. ವಿಸಿಟರ್ ಸೆಂಟರ್, ದೊಡ್ಡ ಮರಗಳ ದಾರಿ, ಹುಲ್ಲುಗಾವಲು ಎಲ್ಲ ಕಾಲ್ನಡಿಗೆಯ ದೂರ. ನೆಲವೂ ಹೆಚ್ಚುಕಡಿಮೆ ಸಮ. ಆದರೆ ಹೈವೇ 4 ಹತ್ತಿರವೇ ಹಾದುಹೋಗುವುದರಿಂದ ಆ ಅಂಚಿನ ಸೈಟ್‌ಗಳಲ್ಲಿ ವಾಹನಗಳ ಸದ್ದು ಕೇಳುತ್ತದೆ, ಹುಲ್ಲುಗಾವಲಿನ ಬದಿಯ ಸೈಟ್‌ಗಳಲ್ಲಿ ಜೂನ್ ತಿಂಗಳಲ್ಲಿ ಸೊಳ್ಳೆ ಕಾಟ. ಓಕ್ ಹಾಲೋ ಇನ್ನೂ ಕೆಲವು ಮೈಲಿ ಒಳಗೆ, ಗುಡ್ಡದ ಮೇಲಿದೆ. ಅಲ್ಲಿ ನಿಶ್ಶಬ್ದ ಹೆಚ್ಚು, ಇಳಿಜಾರೂ ಹೆಚ್ಚು. ಕೆಲವು ಸೈಟ್‌ಗಳಲ್ಲಿ ದೊಡ್ಡ ಟೆಂಟ್‌ಗೆ ಬೇಕಾದಷ್ಟು ಸಮತಟ್ಟು ನೆಲವೇ ಸಿಗುವುದಿಲ್ಲ. ಹಿರಿಯರು, ಚಿಕ್ಕ ಮಕ್ಕಳು ಜೊತೆಗಿದ್ದರೆ ನಾರ್ತ್ ಗ್ರೋವ್ ಎಂದೇ ಹೇಳುತ್ತೇವೆ. ಇಬ್ಬರೇ ಹೋಗುವವರಿಗೆ, ಚಿಕ್ಕ ಟೆಂಟ್ ಇರುವವರಿಗೆ ಓಕ್ ಹಾಲೋ ಚೆನ್ನ.

ಸೈಟ್ ಆರಿಸುವಾಗ ನಕ್ಷೆಯಲ್ಲಿ ಶೌಚಾಲಯ ಎಲ್ಲಿದೆ ನೋಡಿ. ತೀರಾ ಎದುರಿಗಿದ್ದರೆ ರಾತ್ರಿಯೆಲ್ಲ ಬಾಗಿಲಿನ ಸದ್ದು, ಟಾರ್ಚಿನ ಬೆಳಕು. ತೀರಾ ದೂರವಾದರೆ ಮಂಡಿ ನೋವಿರುವ ಅಮ್ಮ ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ನಡೆಯಬೇಕು. ಮೂರು ನಾಲ್ಕು ಸೈಟ್ ಆಚೆಗಿನದು ಸರಿಯಾದ ಅಂತರ.

ಬುಕಿಂಗ್ ರಿಸರ್ವ್ ಕ್ಯಾಲಿಫೋರ್ನಿಯಾ ಜಾಲತಾಣದಲ್ಲಿ. ನೀವು ತಲುಪುವ ದಿನಕ್ಕೆ ಸರಿಯಾಗಿ ಆರು ತಿಂಗಳ ಮೊದಲು, ಬೆಳಿಗ್ಗೆ 8ಕ್ಕೆ ಅಲ್ಲಿನ ಸೈಟ್‌ಗಳು ತೆರೆಯುತ್ತವೆ. ಜುಲೈ 10ಕ್ಕೆ ಹೋಗಬೇಕಿದ್ದರೆ ಜನವರಿ 10ರ ಬೆಳಿಗ್ಗೆ 7:55ಕ್ಕೇ ಲಾಗಿನ್ ಆಗಿ ಕೂತಿರಬೇಕು. ಬೇಸಿಗೆಯ ವಾರಾಂತ್ಯಗಳು ನೋಡುನೋಡುತ್ತಲೇ ಖಾಲಿಯಾಗುತ್ತವೆ, ಆದ್ದರಿಂದ ಮೊದಲೇ ಮೂರು ಸೈಟ್ ಸಂಖ್ಯೆ ಬರೆದಿಟ್ಟುಕೊಳ್ಳಿ. ತಪ್ಪಿಹೋದರೆ ಚಿಂತೆ ಬೇಡ. ಯಾರಾದರೂ ರದ್ದು ಮಾಡಿದಾಗ ತಿಳಿಸುವ ಸೌಲಭ್ಯ ಅದೇ ತಾಣದಲ್ಲಿದೆ, ಪ್ರಯಾಣಕ್ಕೆ ಒಂದೆರಡು ವಾರ ಇರುವಾಗ ಸಾಕಷ್ಟು ಸೈಟ್‌ಗಳು ಮರಳಿ ಬರುತ್ತವೆ. ಈಚಿನ ವರ್ಷಗಳಲ್ಲಿ ಒಂದು ರಾತ್ರಿಗೆ 35 ಡಾಲರ್, ಅದರ ಮೇಲೆ ಬುಕಿಂಗ್ ಶುಲ್ಕ. ಒಂದು ಸೈಟ್‌ಗೆ ಎಂಟು ಜನ, ಮತ್ತು ಶುಲ್ಕದಲ್ಲಿ ಸೇರುವುದು ಒಂದೇ ವಾಹನ; ಎರಡನೆಯದಕ್ಕೆ ಬೇರೆ ಹಣ.

ಈಗ ಚಳಿಯ ವಿಷಯ. ಈ ಜಾಗ ಸುಮಾರು 4,700 ಅಡಿ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ಕೆಮ್ಮಣ್ಣುಗುಂಡಿಯಷ್ಟೇ. ಆದರೆ ಮಲೆನಾಡಿನ ಒದ್ದೆ ಗಾಳಿ ಇಲ್ಲಿಲ್ಲ. ಗಾಳಿ ಒಣಗಿರುವುದರಿಂದ ಹಗಲಿನ ಬಿಸಿ ನೆಲದಲ್ಲಿ ನಿಲ್ಲುವುದಿಲ್ಲ. ಜುಲೈ ಮಧ್ಯಾಹ್ನ 28 ಡಿಗ್ರಿ ಸೆಲ್ಸಿಯಸ್ ಇದ್ದದ್ದು ಬೆಳಗಿನ ಜಾವಕ್ಕೆ 10ಕ್ಕೋ 8ಕ್ಕೋ ಇಳಿಯುತ್ತದೆ. ಹಗಲಲ್ಲಿ ಟೀ ಶರ್ಟಿನಲ್ಲಿ ಓಡಾಡಿದವರು ರಾತ್ರಿ ನಡುಗುವುದು ಇದಕ್ಕೇ.

ಹೊದಿಕೆ ಎಷ್ಟೇ ದಪ್ಪ ಇರಲಿ, ಚಳಿ ಹತ್ತುವುದು ಕೆಳಗಿನಿಂದ. ಮನೆಗೆ ನೆಂಟರು ಬಂದಾಗ ಉಬ್ಬಿಸುವ ಕ್ವೀನ್ ಸೈಜ್ ಗಾಳಿ ಹಾಸಿಗೆಯನ್ನೇ ಹೆಚ್ಚಿನವರು ತರುತ್ತಾರೆ. ಅದರೊಳಗಿನ ಗಾಳಿ ಸುತ್ತುತ್ತ ಮೈ ಬಿಸಿಯನ್ನು ನೆಲಕ್ಕೆ ಸಾಗಿಸುತ್ತಲೇ ಇರುತ್ತದೆ. ಅದನ್ನೇ ತರುವುದಾದರೆ ಹಾಸಿಗೆಯ ಮೇಲೆ, ನಿಮ್ಮ ಮೈ ಕೆಳಗೆ, ಎರಡು ಪದರ ಉಣ್ಣೆಯ ಕಂಬಳಿ ಹಾಸಿ. ಹೊಸದಾಗಿ ಕೊಳ್ಳುವುದಾದರೆ ಆರ್-ವ್ಯಾಲ್ಯೂ (ನೆಲದ ಚಳಿ ತಡೆಯುವ ಶಕ್ತಿಯ ಅಳತೆ) 4 ಅಥವಾ ಮೇಲಿರುವ ಸ್ಲೀಪಿಂಗ್ ಪ್ಯಾಡ್ ತೆಗೆದುಕೊಳ್ಳಿ. ಸ್ಲೀಪಿಂಗ್ ಬ್ಯಾಗಿನ ಮೇಲೆ 40 ಡಿಗ್ರಿ ಫ್ಯಾರನ್‌ಹೀಟ್ ಎಂದು ಬರೆದಿದ್ದರೆ ಆ ತಾಪದಲ್ಲಿ ಆರಾಮವಾಗಿ ನಿದ್ದೆ ಬರುತ್ತದೆ ಎಂದು ತಿಳಿಯಬೇಡಿ. ಅಗ್ಗದ ಬ್ಯಾಗ್‌ಗಳಲ್ಲಿ ಅದು ಹೇಗೋ ರಾತ್ರಿ ಕಳೆಯುವ ಮಿತಿ. ಅದಕ್ಕೆ ಹತ್ತು ಹದಿನೈದು ಡಿಗ್ರಿ ಕೂಡಿಸಿಕೊಳ್ಳಿ. ಇಲ್ಲಿನ ಬೇಸಿಗೆಗೆ 20 ಅಥವಾ 25 ಫ್ಯಾರನ್‌ಹೀಟ್ ಎಂದು ಬರೆದದ್ದೇ ಸರಿ. ನೆಲದಿಂದ ಏಳಲು ಕಷ್ಟಪಡುವ ಹಿರಿಯರಿಗೆ ಮಡಚುವ ಮಂಚ ತನ್ನಿ, ಆದರೆ ಅದರ ಮೇಲೂ ಪ್ಯಾಡ್ ಬೇಕೇ ಬೇಕು. ಇಲ್ಲದಿದ್ದರೆ ಮಂಚದ ಕೆಳಗೆ ತಣ್ಣನೆ ಗಾಳಿ ಆಡುತ್ತದೆ. ಉಣ್ಣೆ ಟೋಪಿ, ಒಣಗಿದ ಕಾಲುಚೀಲ, ಬಿಗಿ ಮುಚ್ಚಳದ ಬಾಟಲಿಯಲ್ಲಿ ಬಿಸಿನೀರು ತುಂಬಿ ಕಾಲ ಬಳಿ ಇಟ್ಟುಕೊಳ್ಳುವುದು ಇವೆಲ್ಲ ಕೆಲಸಕ್ಕೆ ಬರುತ್ತವೆ. ಎಷ್ಟೇ ಚಳಿಯಾದರೂ ಗ್ಯಾಸ್ ಒಲೆಯನ್ನಾಗಲಿ ಕೆಂಡವನ್ನಾಗಲಿ ಟೆಂಟ್ ಒಳಗೆ ತರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ.

ಟೆಂಟ್ ಕೊಳ್ಳುವಾಗ ಆರು ಜನರದ್ದು ಎಂದರೆ ನಾಲ್ಕು ಜನರದ್ದು ಎಂದೇ ಓದಿಕೊಳ್ಳಿ. ನೆಲದ ಮೇಲ್ಪದರ ಉದುರಿದ ಪೈನ್ ಸೂಜಿಯೆಲೆಗಳಿಂದ ಮೆತ್ತಗಿದ್ದರೂ ಕೆಳಗೆ ಗಟ್ಟಿ. ಟೆಂಟ್ ಜೊತೆಗೆ ಕೊಡುವ ತೆಳು ಗೂಟಗಳು ಬಾಗುತ್ತವೆ, ಪ್ಲಾಸ್ಟಿಕ್ಕಿನವು ಮುರಿಯುತ್ತವೆ. ಹತ್ತು ಇಂಚಿನ ಉಕ್ಕಿನ ಗೂಟ ಎಂಟು, ಒಂದು ಸುತ್ತಿಗೆ ಸಾಕು. ಕೆಳಗೆ ಹಾಸುವ ಟಾರ್ಪಾಲಿನ ಅಂಚು ಟೆಂಟ್‌ನಿಂದ ಹೊರಗೆ ಚಾಚಬಾರದು. ಚಾಚಿದರೆ ಮಳೆ ಬಂದಾಗ ನೀರು ಅದರ ಮೇಲೆ ಬಿದ್ದು ನೇರ ನಿಮ್ಮ ಕೆಳಗೆ ಹರಿಯುತ್ತದೆ. ಟೆಂಟ್ ಹಾಕುವ ಮುನ್ನ ತಲೆಯೆತ್ತಿ ನೋಡಿ. ಶುಗರ್ ಪೈನ್ ಕಾಯಿ ಮೊಳದುದ್ದ ಬೆಳೆಯುತ್ತದೆ, ಹಸಿರಾಗಿದ್ದಾಗ ಬಿದ್ದರೆ ತಲೆ ಒಡೆಯುವಷ್ಟು ಭಾರ. ಒಣಗಿದ ಕೊಂಬೆಗಳ ಕೆಳಗೂ ಬೇಡ.

ಕಪ್ಪು ಕರಡಿಗಳು ಇಲ್ಲಿನ ನಿವಾಸಿಗಳು. ಪ್ರತಿ ಸೈಟ್‌ನಲ್ಲೂ ಕಬ್ಬಿಣದ ಆಹಾರದ ಪೆಟ್ಟಿಗೆ ಇರುತ್ತದೆ. ವಾಸನೆ ಬರುವುದೆಲ್ಲ, ಹಗಲೂ ರಾತ್ರಿಯೂ, ಬಳಸದೇ ಇರುವ ಪ್ರತಿ ಕ್ಷಣ ಅದರಲ್ಲೇ ಇರಬೇಕು. ಅಕ್ಕಿ ಬೇಳೆ ಮಾತ್ರವಲ್ಲ. ತುಪ್ಪ, ಉಪ್ಪಿನಕಾಯಿ, ಚಟ್ನಿಪುಡಿ, ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಮಗುವಿನ ಲೋಷನ್, ಅಪ್ಪನ ಚೀಲದಲ್ಲಿರುವ ಶುಂಠಿ ಪೆಪ್ಪರ್‌ಮಿಂಟ್, ಒಗ್ಗರಣೆ ಹಾಕಿದ ಬಾಣಲೆ, ಖಾಲಿ ಕೂಲರ್ ಕೂಡ. ಕಾರು ಸುರಕ್ಷಿತ ಜಾಗವಲ್ಲ. ಕರಡಿಗೆ ಕಾರಿನ ಬಾಗಿಲು ಬಗ್ಗಿಸುವಷ್ಟು ಬಲವಿದೆ. ದೊಡ್ಡದೊಂದು ಕೂಲರ್ ತಂದು ಪೆಟ್ಟಿಗೆಯೊಳಗೆ ಹಿಡಿಸದೆ ಒದ್ದಾಡುವವರು ಬಹಳ; ಚಿಕ್ಕ ಎರಡು ತನ್ನಿ, ಒಂದರಲ್ಲಿ ಹಾಲು ಮೊಸರು, ಇನ್ನೊಂದರಲ್ಲಿ ನೀರು, ಹಣ್ಣು. ಪೆಟ್ಟಿಗೆಯ ಚಿಲಕ ಪೂರ್ತಿ ಬಿದ್ದಿದೆಯೇ ಎಂದು ಎಳೆದು ನೋಡಿ. ಹಗಲಲ್ಲಿ ನಿಜವಾಗಿ ತೊಂದರೆ ಕೊಡುವುದು ಅಳಿಲು ಮತ್ತು ಜುಟ್ಟಿರುವ ನೀಲಿ ಸ್ಟೆಲರ್ಸ್ ಜೇ ಹಕ್ಕಿ. ಮೇಜಿನ ಮೇಲೆ ಚಪಾತಿ ಬಿಟ್ಟು ನೀರು ತರಲು ಹೋದರೆ ಬರುವಷ್ಟರಲ್ಲಿ ಇರುವುದಿಲ್ಲ. ಅವಕ್ಕೆ ತಿನ್ನಿಸುವುದು ಅವಕ್ಕೇ ಕೇಡು.

ಅಡುಗೆಯಲ್ಲಿ ಎತ್ತರದ ಪಾತ್ರ ದೊಡ್ಡದು. ಇಲ್ಲಿ ನೀರು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸಲು ಹೊರಟರೆ ಗ್ಯಾಸ್ ಮುಗಿದರೂ ಬೇಳೆ ಕರಗದು. ಮೂರು ಲೀಟರಿನ ಕುಕ್ಕರ್ ತನ್ನಿ, ಬೇಳೆಯನ್ನು ಒಂದು ಗಂಟೆ ನೆನೆಹಾಕಿ, ಮನೆಯಲ್ಲಿ ಕೂಗಿಸುವುದಕ್ಕಿಂತ ಒಂದೆರಡು ಕೂಗು ಹೆಚ್ಚು ಕೂಗಿಸಿ. ಎರಡು ಉರಿಯ ಕ್ಯಾಂಪ್ ಒಲೆಗೆ ಹಾಕುವ ಒಂದು ಪೌಂಡಿನ ಹಸಿರು ಪ್ರೊಪೇನ್ ಸಿಲಿಂಡರ್, ಎರಡೂ ಉರಿ ಜೋರಾಗಿಟ್ಟರೆ ಸುಮಾರು ಒಂದು ಗಂಟೆ ಬರುತ್ತದೆ. ನಾಲ್ವರಿಗೆ ಎರಡು ರಾತ್ರಿಗೆ ಎರಡು ಬೇಕು, ಮೂರನೆಯದು ಕೈಯಲ್ಲಿರಲಿ. ಖಾಲಿ ಸಿಲಿಂಡರನ್ನು ಕಸದ ಡಬ್ಬಿಗೆ ಹಾಕದೆ ಮನೆಗೆ ತಂದು, ನಿಮ್ಮ ಊರಿನ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಡಿ.

ಉಪ್ಪಿಟ್ಟಿಗೆ ರವೆಯನ್ನು ಮನೆಯಲ್ಲೇ ಹುರಿದು, ಪುಳಿಯೋಗರೆ ಗೊಜ್ಜು ಮಾಡಿ ತಂದರೆ ಅರ್ಧ ಕೆಲಸ ಮುಗಿದಂತೆ. ದೋಸೆ ಹಿಟ್ಟು ತರುವವರು ಡಬ್ಬಿಯ ಮೂರನೇ ಒಂದು ಭಾಗ ಖಾಲಿ ಬಿಡಿ. ದಾರಿಯ ಬಿಸಿಗೆ ಉಕ್ಕಿ ಕೂಲರ್ ತುಂಬ ಹರಡಿದರೆ ಆ ಹುಳಿ ವಾಸನೆ ತೊಳೆದರೂ ಹೋಗುವುದಿಲ್ಲ. ಪಾತ್ರೆಗಳನ್ನು ಕುಡಿಯುವ ನೀರಿನ ನಲ್ಲಿಯ ಕೆಳಗೆ ತೊಳೆಯುವುದು ತಪ್ಪು. ಒಂದು ಟಬ್ಬಿನಲ್ಲಿ ತೊಳೆದು, ನೀರನ್ನು ಜಾಲರಿಯಲ್ಲಿ ಸೋಸಿ, ಅಗುಳನ್ನು ಕಸಕ್ಕೆ ಹಾಕಿ. ಮುಸುರೆ ನೀರನ್ನು ಎಲ್ಲಿ ಚೆಲ್ಲಬೇಕೆಂದು ಗೇಟಿನಲ್ಲೇ ಕೇಳಿಕೊಳ್ಳಿ. ಪೊದೆಗೆ ಚೆಲ್ಲಿದರೆ ಕರಡಿಗೆ ಕರೆಯೋಲೆ ಕೊಟ್ಟಂತೆ.

ಸೌದೆಯನ್ನು ಊರಿನಿಂದ ತರಬೇಡಿ. ತೊಗಟೆಯೊಳಗಿನ ಹುಳುಗಳು ಹಾಗೆಯೇ ಕಾಡಿನಿಂದ ಕಾಡಿಗೆ ಹರಡುವುದು. ಇಲ್ಲಿ ಬಿದ್ದ ಕಡ್ಡಿ ಆರಿಸುವುದಕ್ಕೂ ಅನುಮತಿ ಇಲ್ಲ. ಪಾರ್ಕಿನಲ್ಲೇ ಅಥವಾ ಆರ್ನಾಲ್ಡ್‌ನಲ್ಲಿ ಕಟ್ಟು ಕೊಳ್ಳಿ. ಒಂದು ಕಟ್ಟು ಎರಡು ಗಂಟೆ ಉರಿದೀತು. ಬೇಸಿಗೆಯ ಕೊನೆಯಲ್ಲಿ ಸೌದೆ ಬೆಂಕಿಗೆ ಪೂರ್ಣ ನಿಷೇಧ ಬರುವುದುಂಟು, ಆದ್ದರಿಂದ ರಾತ್ರಿಯ ಊಟವನ್ನು ಬೆಂಕಿಯನ್ನೇ ನೆಚ್ಚಿ ಯೋಜಿಸಬೇಡಿ. ಬೆಂಕಿ ಆರಿಸುವಾಗ ಮಣ್ಣು ಮುಚ್ಚಿದರೆ ಕೆಂಡ ಒಳಗೊಳಗೇ ಜೀವ ಹಿಡಿದಿರುತ್ತದೆ. ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿದು, ಹಿಂಗೈ ಹತ್ತಿರ ಹಿಡಿದಾಗ ಬಿಸಿ ತಾಕದಿದ್ದರೆ ಮಾತ್ರ ಮಲಗಲು ಹೋಗಿ.

ಟೆಂಟ್ ಸುತ್ತ ಇರುವ ಮರಗಳು ಪೈನ್, ಸೀಡರ್, ಫರ್. ಅವನ್ನೇ ದೈತ್ಯ ಮರ ಎಂದುಕೊಂಡವರು ಬೆಳಿಗ್ಗೆ ನಾರ್ತ್ ಗ್ರೋವ್ ದಾರಿ ಹಿಡಿದಾಗ ಮಾತು ನಿಲ್ಲಿಸುತ್ತಾರೆ. ಸುಮಾರು ಒಂದೂವರೆ ಮೈಲಿಯ ಸುತ್ತು, ಬಹುಪಾಲು ಸಮತಟ್ಟು. ಅಜ್ಜ ಅಜ್ಜಿ ನಿಧಾನವಾಗಿ ಒಂದೂವರೆ ಗಂಟೆಯಲ್ಲಿ ಮುಗಿಸಬಹುದು. ಮೊದಲಿಗೇ ಸಿಗುವುದು ಡಿಸ್ಕವರಿ ಮರದ ಬುಡ. 1853ರಲ್ಲಿ ಐದು ಜನ 22 ದಿನ ಉದ್ದನೆಯ ಬೈರಿಗೆಗಳಿಂದ ಕೊರೆದು ಅದನ್ನು ಉರುಳಿಸಿದರು; ಆಮೇಲೆ ಆ ಬುಡವೇ ಜನ ಕುಣಿಯುವ ಅಂಗಳವಾಯಿತು. ಮುಂದೆ ನಿಂತಿರುವ ಕರಕಲು ಕಾಂಡ ಮದರ್ ಆಫ್ ದಿ ಫಾರೆಸ್ಟ್. 1854ರಲ್ಲಿ ಅದರ ತೊಗಟೆ ಸುಲಿದು ದೂರದೂರದ ಪ್ರದರ್ಶನಗಳಿಗೆ ಸಾಗಿಸಿದರು, ಮರ ಸತ್ತಿತು. ಸಿಕೋಯಾ ತೊಗಟೆ ಎರಡು ಅಡಿಯವರೆಗೂ ದಪ್ಪವಿದ್ದು ಕಾಳ್ಗಿಚ್ಚಿನಿಂದ ಮರವನ್ನು ಕಾಯುತ್ತದೆ. ಆ ಕವಚವನ್ನೇ ಕಿತ್ತುಕೊಂಡ ಮೇಲೆ ಉಳಿಯುವುದೇನು? ನಡುವೆ ಸುರಂಗ ಕೊರೆದಿದ್ದ ಪಯನೀರ್ ಕ್ಯಾಬಿನ್ ಮರ 2017ರ ಜನವರಿಯ ಬಿರುಗಾಳಿ ಮಳೆಗೆ ಉರುಳಿತು. ಇದನ್ನೆಲ್ಲ ಮಕ್ಕಳಿಗೆ ಅಲ್ಲೇ ನಿಂತು ಹೇಳಿ. ಬೇಲಿ ದಾಟಿ ಬುಡ ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುವುದು ಬೇಡ: ಇಷ್ಟು ದೊಡ್ಡ ಮರದ ಬೇರು ಆಳಕ್ಕಿಳಿಯದೆ ಅಗಲಕ್ಕೆ ಹರಡಿರುತ್ತದೆ, ತುಳಿದ ಮಣ್ಣು ಗಟ್ಟಿಯಾದರೆ ಅದಕ್ಕೆ ನೀರು ಸಿಗುವುದಿಲ್ಲ.

ಪಾರ್ಕಿನ ಇನ್ನೊಂದು ಸಿಕೋಯಾ ತೋಪಾದ ಸೌತ್ ಗ್ರೋವ್‌ನಲ್ಲಿ ಮರಗಳು ಇನ್ನೂ ಹೆಚ್ಚು, ಜನ ಕಡಿಮೆ. ಗೇಟಿನಿಂದ ಸುಮಾರು 9 ಮೈಲಿ ಕಾರಿನಲ್ಲಿ, ಅಲ್ಲಿಂದ ಹೋಗಿಬರಲು 5 ಮೈಲಿ ನಡಿಗೆ, ಏರು ಇದೆ. ಒಬ್ಬರಿಗೆ ಎರಡು ಲೀಟರ್ ನೀರು. ಈ ರಸ್ತೆ ಚಳಿಗಾಲದಲ್ಲಿ ಹಿಮಕ್ಕೆ ಮುಚ್ಚಿರುತ್ತದೆ. ದಾರಿಯಲ್ಲಿ ಸಿಗುವ ಸ್ಟಾನಿಸ್ಲಾಸ್ ನದಿ ಮೇ, ಜೂನ್‌ನಲ್ಲಿ ಹಿಮ ಕರಗಿದ ನೀರಿನಿಂದ ರಭಸವಾಗಿರುತ್ತದೆ. ಮೊಣಕಾಲುದ್ದ ನೀರೂ ಕಾಲೆಳೆಯಬಲ್ಲದು. ಮಕ್ಕಳನ್ನು ಇಳಿಸಲು ಆಗಸ್ಟ್‌ನಲ್ಲಿ ಬೀವರ್ ಕ್ರೀಕ್ ಎಂಬ ತೊರೆ ವಾಸಿ.

ನಮ್ಮ ಆಯ್ಕೆ ಸೆಪ್ಟೆಂಬರ್ ಎರಡನೇ ವಾರ, ಭಾನುವಾರದಿಂದ ಮಂಗಳವಾರ. ಸೊಳ್ಳೆ ಇಲ್ಲ, ಸೈಟ್ ಸುಲಭ. ಆದರೆ ಹಳದಿ ಕಣಜಗಳ ಕಾಟ ಆಗ ಹೆಚ್ಚು, ಹಣ್ಣಿನ ತಟ್ಟೆ ಮುಚ್ಚಿಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಅಂತ್ಯಾಕ್ಷರಿ ಒಂಬತ್ತೂವರೆಗೆ ಮುಗಿಯಲಿ.

ಹೊರಡುವ ದಿನ ಟೆಂಟ್ ಮೇಲೆ ಅಂಟಿದ ಪೈನ್ ಅಂಟನ್ನು ಅಲ್ಲೇ ಉಜ್ಜಬೇಡಿ, ಹರಡುತ್ತದೆ. ಮನೆಗೆ ಬಂದು ಮಂಜುಗಡ್ಡೆ ಒತ್ತಿ ಗಟ್ಟಿ ಮಾಡಿ ಉಗುರಿನಿಂದ ಎಬ್ಬಿಸಿ. ಕೈಗೆ ಅಂಟಿದ್ದರೆ ಕೊಬ್ಬರಿ ಎಣ್ಣೆ ಸವರಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಬರೀ ಸೋಪಿಗೆ ಅದು ಬಿಡುವುದಿಲ್ಲ.